ಅಣ್ಣಿಗೇರಿ ದಾಟ್ತು

ಇವತ್ತ ಅವ್ವನ ಫೋನಿನ್ಯಾಗಿನ ಮೆಸೇಜ್ ಎಲ್ಲಾ ಕಂಪ್ಯೂಟರಿಗೆ ಇಳಿಸಿದೆ. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳಾನ ಎದ್ದಿತ್ತು, ಇನ್ನ ತಡಾ ಮಾಡೂ ಹಂಗಿರಲಿಲ್ಲ.

ಫೋಟೋ ಉಳಸೂದು ಎಲ್ಲಾರಿಗೂ ನೆನಪಿರ್ತದ. ಮೆಸೇಜ್ ಯಾರಿಗೆ ನೆನಪಾಗ್ತದ?

ಓಟಿಪಿ, ಗ್ಯಾಸ್ ಬುಕಿಂಗ್, ರಿಚಾರ್ಜ್ ಆಫರ್... ಅದರ ನಡುವ ಅಪ್ಪ.
"ಅಣ್ಣಿಗೇರಿ ದಾಟ್ತು. ಅನ್ನಕ್ಕಿಡು."
ಗದಗಿನಿಂದ ಹುಬ್ಬಳ್ಳಿಗೆ ಬರೂ ಟ್ರೇನಿನ್ಯಾಗಿಂದ ದಿನಾ ಅದ ಮಾತು. ಒಮ್ಮೊಮ್ಮೆ ಬರೇ "ಅಣ್ಣಿಗೇರಿ". ಅವ್ವಗ ಅಷ್ಟ ಸಾಕಿತ್ತು.

ಕನ್ನಡದಾಗ ಬರದ್ರ ಒಂದ ಎಸ್ಸೆಮ್ಮೆಸ್ಸಿಗೆ 70 ಅಕ್ಷರ ಅಷ್ಟ, ಒತ್ತು ಗುಣಿತಾನೂ ಲೆಕ್ಕಕ್ಕ ಬರ್ತಾವ. ಇಂಗ್ಲಿಷಿಗೆ 160. ಅಪ್ಪಗ ಆ 70ನೂ ಹೆಚ್ಚಾಗ್ತಿತ್ತು.

ಮೆಸೇಜ್ ಇಳಿಸೂ ಆಪ್ ಎಲ್ಲಾ ಬರದು ಕೊಟ್ಟ ಫೈಲ್ (ಎಕ್ಸ್‌ಎಂಎಲ್ ಅಂತಾರ) ತೆಗದ್ರ, ತಾರೀಖಿನ ಜಾಗಾದಾಗ 13 ಅಂಕಿ. 1970ರ ಜನವರಿ 1ರಿಂದ ಎಣಿಸಿದ ಮಿಲಿಸೆಕೆಂಡ್ ಅಂತ ಅವು. ನಮ್ಮ ಮನ್ಯಾಗ ಎಸರಿಟ್ಟ ಹೊತ್ತು ಇಷ್ಟ ಕರಾರುವಾಕ್ಕಾಗಿ ಬ್ಯಾರೆ ಎಲ್ಲೂ ಬರದಿಟ್ಟಿಲ್ಲ.

ಒಂದ ಕಾಪಿ ಪೆನ್‌ಡ್ರೈವಿಗೆ ಹಾಕೇನಿ, ಒಂದ ತಂಗಿಗೆ ಕಳಿಸೇನಿ. ನಿಮ್ಮ ಮನ್ಯಾಗೂ ಹಳೇ ಫೋನ್ ಕಪಾಟಿನ್ಯಾಗ ಬಿದ್ದಿದ್ರ ಈ ಐತವಾರ ಚಾರ್ಜಿಗೆ ಹಾಕಿ ನೋಡ್ರಿ. ಓಟಿಪಿ ಬೇಕಾದ್ರ ಅಳಸ್ರಿ, ಮನಿ ಮಂದಿ ಬರದದ್ದು ಮಾತ್ರ ಒಂದೂ ಬಿಡಬ್ಯಾಡ್ರಿ.