ಹೆಬ್ಬೆರಳು

ಇವತ್ತು ತುಮಕೂರಲ್ಲಿ ಅಗ್ನಿಶಾಮಕ ಹುಡುಗರಿಗೆ ಪಾಠ ಇತ್ತು. ಕೆಮಿಕಲ್ ಟ್ಯಾಂಕರ್ ಮಗುಚಿದ್ರೆ ಮೊದಲು ಏನು ಮಾಡೋದು ಅಂತ.

ಮೈದಾನದ ಆ ತುದೀಲಿ ಹಳೇ ನೀರಿನ ಟ್ಯಾಂಕರ್ ನಿಲ್ಲಿಸಿ, ಹಿಂದುಗಡೆ 1005 ಅಂತ ಬರೆದ ಕಿತ್ತಳೆ ಬಣ್ಣದ ಹಲಗೆ ಕಟ್ಟಿಸಿದ್ದೆ. "ಒಳಗೇನಿದೆ ಹೇಳ್ರಪ್ಪ" ಅಂದೆ, ಅಷ್ಟೇ. ಒಬ್ಬ ಓದೋಕೆ ಅಂತ ಓಡೇಬಿಟ್ಟ. ಹೊಸಬ. ಬೆಂಕಿ ಕಡೆ ನುಗ್ಗು ಅಂತ ಕಲಿಸಿದವರು ನಾವೇ ಅಲ್ವಾ.

1005 ಅಂದ್ರೆ ಅಮೋನಿಯಾ. ಕಣ್ಣು, ಗಂಟಲು, ಬೆವರಿದ ಕಂಕುಳು, ಎಲ್ಲೆಲ್ಲಿ ಒದ್ದೆ ಇದೆಯೋ ಅಲ್ಲೇ ಸುಡುತ್ತೆ. ಬೆಂಕಿಗೆ ಹಾಕೋ ಕೋಟು ಅದನ್ನ ತಡೆಯಲ್ಲ.

ವಾಪಸ್ ಕರೆದೆ. ಕೈ ನೇರ ಚಾಚು, ಒಂದು ಕಣ್ಣು ಮುಚ್ಚು, ಹೆಬ್ಬೆರಳು ಎತ್ತು. ಬೆರಳ ಹಿಂದೆ ಇಡೀ ಟ್ಯಾಂಕರ್ ಮರೆಯಾಗೋವರೆಗೂ ಹಿಂದಕ್ಕೆ ನಡಿ. ಎಷ್ಟು ದೂರ ನಿಲ್ಲಬೇಕು ಅನ್ನೋದಕ್ಕೆ ಇದು ಮೊದಲ ಅಂದಾಜು ಮಾತ್ರ, ಆದ್ರೆ ಜೀವ ಉಳಿಸೋ ಅಂದಾಜು.

ಹೋದ, ಹೋದ. ಮೈದಾನ ಮುಗಿದು ಬೇವಿನ ಮರಾನೂ ದಾಟಿದ. ಅಲ್ಲಿ ಒಂದು ಹಿಡಿ ಮಣ್ಣು ತೂರು ಅಂದೆ. ಧೂಳು ಅವನ ಮುಖಕ್ಕೇ ಬಂತು. ಗಾಳಿ ಬೆನ್ನಿಗೆ ಬರೋ ಹಾಗೆ ಸುತ್ತಿ ಬಂದು, ಬೈನಾಕ್ಯುಲರಲ್ಲಿ ನಂಬರ್ ಓದಿದ.

ನುಗ್ಗೋದು ಕಲಿಸೋಕೆ ಕಷ್ಟ ಇಲ್ಲ. ನಿಲ್ಲೋದು ಕಲಿಸೋದೇ ಕಷ್ಟ. ಒಳಗೆ ಡ್ರೈವರ್ ಸಿಕ್ಕಿಹಾಕ್ಕೊಂಡಿರ್ತಾನೆ, ಸುತ್ತ ಜನ "ಏನ್ ನೋಡ್ತಾ ನಿಂತಿದ್ದೀರಿ" ಅಂತ ಕೂಗ್ತಿರ್ತಾರೆ. ಆಗಲೂ ನಿಲ್ಲಬೇಕಲ್ಲ, ಆ ಒಂದು ನಿಮಿಷ.

ಸಂಜೆ ಹೊರಡುವಾಗ ನೋಡಿದೆ. ಅದೇ ಹುಡುಗ ಹೈವೇ ಪಕ್ಕ ನಿಂತು, ದೂರದಲ್ಲಿ ಬರ್ತಿದ್ದ ಟ್ಯಾಂಕರಿಗೆ ಹೆಬ್ಬೆರಳು ಹಿಡಿದಿದ್ದ.