ಸ್ಪ್ಯಾನಿಷ್ ಕಲಿಕೆ, 14ನೇ ವಾರ: ಪರಿಚಯ ಇತ್ತು, ಪರಿಚಯ ಆಯ್ತು

ಈ ವಾರ ಪೂರ್ತಿ ಒಂದೇ ಕ್ರಿಯಾಪದಕ್ಕೆ ಹೋಯಿತು: ಕೊನೊಸೆರ್. ಜನ, ಊರು, ಪದ, ಯಾವುದರ ಪರಿಚಯ ಇದ್ದರೂ ಸ್ಪ್ಯಾನಿಷ್‌ನಲ್ಲಿ ಇದೇ ಪದ. ವರ್ತಮಾನ ಕಾಲ ಬೇಗ ಮುಗಿಯಿತು. ಭೂತಕಾಲದಲ್ಲಿ ಮಾತ್ರ 'ನಾನು' ಅನ್ನುವುದಕ್ಕೇ ಎರಡು ರೂಪ: ಕೊನೊಸೀ, ಕೊನೊಸೀಆ. ನೋಟ್‌ಬುಕ್ಕಿನಲ್ಲಿ ಎರಡರ ಮುಂದೂ ಇಂಗ್ಲಿಷಿನ 'ನ್ಯೂ' (knew) ಅಂತ ಬರೆದುಕೊಂಡಿದ್ದೆ. ತಪ್ಪು ಶುರುವಾಗಿದ್ದು ಅಲ್ಲೇ.

ಸೋಮವಾರದ ಹೋಮ್‌ವರ್ಕ್‌ನಲ್ಲಿ, ನಮ್ಮೆಜಮಾನ್ರ ಪರಿಚಯ ಆಗಿದ್ದು 2014ರಲ್ಲಿ ಅಂತ ಹೇಳಬೇಕಿತ್ತು. 'ಕೊನೊಸೀಆ ಆ ಮಿ ಮರೀದೊ' ಅಂತ ಬರೆದೆ. ಟೀಚರ್ ಕೇಳಿದರು, "ಆಗಲೇ ಪರಿಚಯ ಇತ್ತಾ? ಹಾಗಾದ್ರೆ ಮೊದಲು ಸಿಕ್ಕಿದ್ದು ಯಾವಾಗ?"

ಬಸ್ಸಿನಲ್ಲಿ ಮನೆಗೆ ಬರುವಾಗ ಥಟ್ಟನೆ ಹೊಳೆಯಿತು. ಈ ವ್ಯತ್ಯಾಸ ನಮ್ಮ ಮಾತಿನಲ್ಲೇ ಇದೆ ಅಲ್ವಾ! ಕೊನೊಸೀಆ ಅಂದರೆ ಪರಿಚಯ ಇತ್ತು. ಕೊನೊಸೀ ಅಂದರೆ ಪರಿಚಯ ಆಯ್ತು. ಇತ್ತು, ಆಯ್ತು: ಇಷ್ಟೇ. ಊರಿಗೂ ಹೀಗೇ. 'ಕೊನೊಸೀ ಗ್ರನಾದಾ' ಅಂದರೆ ಗ್ರನಾದಾ ಊರನ್ನು ಮೊದಲ ಸಲ ನೋಡಿದೆ. 'ಕೊನೊಸೀಆ ಬಿಯೆನ್ ಗ್ರನಾದಾ' ಅಂದರೆ ಆ ಊರು ನನಗೆ ಚೆನ್ನಾಗಿ ಗೊತ್ತಿತ್ತು. ವಿಷಯ ತಿಳಿಯುವುದಕ್ಕೆ ಬೇರೆ ಕ್ರಿಯಾಪದ, ಸಬೇರ್. ಅದೂ ಇದೇ ದಾರಿ ಹಿಡಿಯುತ್ತದೆ: ಸಬೀಆ, ಗೊತ್ತಿತ್ತು, ಸೂಪೆ, ಗೊತ್ತಾಯ್ತು. ಇಂಗ್ಲಿಷನ್ನು ನಡುವೆ ತರದಿದ್ದರೆ ಒಂದು ವಾರ ಉಳಿಯುತ್ತಿತ್ತು.

ಇನ್ನೊಂದು ಖುಷಿ. ಮೇಲಿನ ವಾಕ್ಯದಲ್ಲಿ ಗಂಡನ ಮುಂದೆ ಒಂದು 'ಆ' ಇದೆ, ಗ್ರನಾದಾ ಮುಂದೆ ಇಲ್ಲ. ಮನುಷ್ಯರು ಕರ್ಮವಾದಾಗ ಸ್ಪ್ಯಾನಿಷ್ ಆ 'ಆ' ಸೇರಿಸುತ್ತದೆ. ನಾವೂ 'ಮನೆ ನೋಡಿದೆ' ಅಂತೀವಿ, ಆದರೆ 'ಗೆಳತಿ ನೋಡಿದೆ' ಅನ್ನಲ್ಲ, 'ಗೆಳತಿಯನ್ನು ನೋಡಿದೆ' ಅಂತೀವಿ. ಎಲ್ಲ ಕಡೆ ಹೊಂದುತ್ತದೆ ಅಂತಲ್ಲ, ಆದರೂ ನನಗೆ ನೆನಪಿಟ್ಟುಕೊಳ್ಳಲು ಇಷ್ಟು ಸಾಕು.

ಶುಕ್ರವಾರ ಎರಡೂ ರೂಪ ಸೇರಿಸಿ ಒಂದು ವಾಕ್ಯ ಮಾಡಿದೆ: 'ಯಾ ಕೊನೊಸೀಆ ಆ ಸು ಎರ್ಮಾನಾ, ಪೆರೊ ಆ ಎಲ್ ಲೊ ಕೊನೊಸೀ ಎನ್ ಲಾ ಬೋದಾ.' ನಮ್ಮೆಜಮಾನ್ರ ತಂಗಿಯ ಪರಿಚಯ ಮೊದಲೇ ಇತ್ತು, ಅವರ ಪರಿಚಯ ಆಗಿದ್ದು ಮದುವೆಮನೆಯಲ್ಲಿ. ಟೀಚರ್ ಓದಿ, ಮೊದಲಿಗೆ ಒಂದು 'ಯೊ' ಸೇರಿಸಿದರು. 'ನಾನು' ಅಂತ. ಯಾಕೆಂದರೆ ಕೊನೊಸೀಆ ರೂಪ ನಾನು, ಅವನು, ಅವಳು ಮೂವರಿಗೂ ಒಂದೇ. ಮುಂದಿನ ವಾರ ಅದನ್ನೇ ಹಿಡಿದು ಕೂರುತ್ತೇನೆ.