ಬಹುಮಾನದ ಡಬ್ಬಿ, ಕಾಲರ್ ಮಿಷನ್ನು

ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ನಾನು ಲೈನ್ ಸೂಪರ್‌ವೈಸರ್ ಆಗಿದ್ದೆ. ಶರ್ಟ್ ಲೈನು, ಒಬ್ಬೊಬ್ಬರು ಒಂದೊಂದು ಭಾಗ ಹೊಲಿದು ಮುಂದಿನ ಮಿಷನ್ನಿಗೆ ಕೊಡೋದು. ನಲವತ್ತು ಚಿಲ್ಲರೆ ಮಿಷನ್, ಗಂಟೆಗೆ 80 ಪೀಸ್ ಟಾರ್ಗೆಟ್. ಬರುತ್ತಿದ್ದದ್ದು 60, ಹೆಚ್ಚೆಂದರೆ 65. ಹೊಲಿಯುವವರಿಗೆ ಹುರುಪಿಲ್ಲ ಅಂತ ನಾನೇ ತೀರ್ಮಾನ ಮಾಡಿಕೊಂಡೆ. ವಾರದಲ್ಲಿ ಜಾಸ್ತಿ ಪೀಸ್ ಹೊಲಿದವರಿಗೆ ಸ್ಟೀಲ್ ಡಬ್ಬಿ ಬಹುಮಾನ ಎಂದೆ. ನನ್ನ ಜೇಬಿನ ದುಡ್ಡೇ.

ಮೊದಲ ವಾರ ತೋಳು ಜೋಡಿಸುವ ಹುಡುಗಿ ಗೆದ್ದಳು. ಅವಳ ಮುಂದಿನ ಮಿಷನ್ ಹತ್ತಿರ ಬಂಡಲ್ ಗುಡ್ಡೆ ಬಿತ್ತು. ಲೈನಿನ ಕೊನೆಯಲ್ಲಿ ಸಿಕ್ಕಿದ್ದು ಅದೇ 62. ಆತುರಕ್ಕೆ ಆಲ್ಟ್ರೇಷನ್, ಅಂದರೆ ತಪ್ಪಾದ ಪೀಸ್ ಬಿಚ್ಚಿ ಮತ್ತೆ ಹೊಲಿಯೋದು, ಬೇರೆ ಜಾಸ್ತಿಯಾಯಿತು. ಎಲ್ಲಕ್ಕಿಂತ ನಿಧಾನದ ಮಿಷನ್ ಎಷ್ಟು ಕೊಡುತ್ತೋ ಇಡೀ ಲೈನೂ ಅಷ್ಟೇ ಕೊಡೋದು. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಡಬ್ಬಿ ತರುವಾಗ ನೆನಪಾಗಲಿಲ್ಲ ಅಷ್ಟೇ.

ನಿಧಾನ ಆಗುತ್ತಿದ್ದದ್ದು ಕಾಲರ್ ಹತ್ತಿರ. ಅಲ್ಲಿ ಕೂರುತ್ತಿದ್ದ ಅಕ್ಕನಿಗೆ ಹದಿನೈದು ವರ್ಷದ ಸರ್ವಿಸ್.

"ಯಾಕಕ್ಕ, ಕೆಲಸದಲ್ಲಿ ಮನಸ್ಸಿಲ್ವಾ?" ಎಂದೆ.

ಅವರು ಪೆಡಲ್‌ನಿಂದ ಕಾಲು ತೆಗೆದರು. "ಘಳಿಗೆಗೊಂದು ಸಲ ದಾರ ತುಂಡಾಗುತ್ತೆ ಸಾರ್. ಮೆಕ್ಯಾನಿಕ್‌ಗೆ ಹೇಳಿ ಮೂರು ದಿನ ಆಯ್ತು. ಡಬ್ಬಿ ತರೋ ಬದ್ಲು ಅವನನ್ನ ಕರ್ಕೊಂಡು ಬನ್ನಿ."

ಅಕ್ಕಪಕ್ಕದವರೆಲ್ಲ ನಕ್ಕರು. ನಾನೇ ಹೋಗಿ ಮೆಕ್ಯಾನಿಕ್‌ನ ಎಳೆದು ತಂದೆ. ಮಿಷನ್ನಿನೊಳಗೆ ದಾರ ಹಿಡಿಯುವ ಹುಕ್ಕಿನ ತುದಿ ಸವೆದಿತ್ತು. ಬದಲಿಸಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಮಾರನೇ ದಿನ ಬೋರ್ಡಿನ ಮೇಲೆ 72 ಬರೆದೆ.

ಆಮೇಲೆ ಒಬ್ಬೊಬ್ಬರನ್ನೇ ಕೇಳಿದೆ, ನಿಮ್ಮ ಕೆಲಸಕ್ಕೆ ಏನು ಅಡ್ಡ ಬರುತ್ತಿದೆ ಅಂತ. ಒಬ್ಬರ ತಲೆ ಮೇಲಿನ ಟ್ಯೂಬ್‌ಲೈಟ್ ಮಿನುಗುತ್ತಿತ್ತು. ಇನ್ನೊಬ್ಬರಿಗೆ ಬಂಡಲ್ ತಡವಾಗಿ ಬರುತ್ತಿತ್ತು. ಜಾಸ್ತಿ ಜನ ಹೇಳಿದ್ದು ಟಾಯ್ಲೆಟ್ ಟೋಕನ್ ಬಗ್ಗೆ. ಇಡೀ ಲೈನಿಗೆ ಒಂದೇ ಟೋಕನ್, ಅದು ಕೈಯಲ್ಲಿದ್ದವರು ಮಾತ್ರ ಎದ್ದು ಹೋಗಬಹುದಿತ್ತು. ಅದಕ್ಕೆ ಹೆದರಿ ಬೆಳಿಗ್ಗೆಯಿಂದ ನೀರೇ ಕುಡಿಯದೆ ಕೂರುತ್ತಿದ್ದರು. ಟೋಕನ್ ತೆಗೆಸಲು ಮೇಲಿನವರ ಹತ್ತಿರ ಎರಡು ವಾರ ಜಗಳ ಆಡಬೇಕಾಯಿತು.

ದುಡ್ಡು ಮುಖ್ಯ ಅಲ್ಲ ಅಂತ ಮಾತ್ರ ಯಾರೂ ಹೇಳಬೇಡಿ. ಪಿಎಫ್‌ನ ಕಂಪನಿ ಪಾಲನ್ನು 58 ವರ್ಷ ಆಗೋವರೆಗೂ ತೆಗೆಯುವಂತಿಲ್ಲ ಅಂತ ನಿಯಮ ಬಂದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ಬೀದಿಗಿಳಿದಿದ್ದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಇಂಥವರನ್ನೇ ನಾನು ಹುರುಪಿಲ್ಲದವರು ಅಂದುಕೊಂಡಿದ್ದೆ!

ದಿನಾ 80 ಬಂತು ಅಂತ ಸುಳ್ಳು ಹೇಳಲ್ಲ. 76, 78ರ ಆಸುಪಾಸು ನಿಂತಿತು. ಉಳಿದ ಮೂರು ಡಬ್ಬಿ ನಮ್ಮ ಮನೆಯಲ್ಲೇ ಇವೆ, ಒಂದರಲ್ಲಿ ರವೆ ಇದೆ.